ಕಡಲಿನ ಕಿತ್ತಳೆ ಎಳೆ

ಸೆಪ್ಟೆಂಬರ್ ೬

ಮಗಳೇ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೀವಿ, ಮೂರನೇ ಮೆಷಿನ್ ಒಂದನ್ನು ಬಿಟ್ಟು. ಬಟ್ಟೆ ಹಿಂಡೋ ಹೊತ್ತಿಗೆ ಅದು ಕುಣಿದು ಕುಣಿದು ಲಾಂಡ್ರಿ ಬಾಗಿಲ ತನಕ ನಡೆದು ಬರುತ್ತೆ. ನಿನ್ನ ಚಿಕ್ಕಮ್ಮ ಅದರ ಮೇಲೆ ಕೂತು ತಡೀತಾಳೆ. ಅವಳ ತೂಕಕ್ಕೂ ಕೊನೆಗೊಂದು ಉಪಯೋಗ ಸಿಕ್ಕಿತು ಅಂದೆ, ಎರಡು ದಿನ ಮಾತು ಬಿಟ್ಟಳು. ಲಾಂಡ್ರಿಯಲ್ಲಿ ಅಷ್ಟು ನೆಮ್ಮದಿ ನಾನು ಯಾವತ್ತೂ ಕಂಡಿರಲಿಲ್ಲ.

ಹೋಗೋ ದಿನ ನೀನು ಆಡಿದ ಮಾತು ನಾನು ಮರೆತಿಲ್ಲ. ಸೂಟ್‌ಕೇಸ್ ಹಿಡ್ಕೊಂಡು ನಿಂತು, ಗಿರಾಕಿಗಳ ಮುಂದೆ, ನನ್ನ ಮೆಷಿನ್‌ಗಳ ಗಲೀಜು ನೀರೆಲ್ಲ ಹೋಗಿ ಸೇರೋದು ಸಮುದ್ರಕ್ಕೇ ಅಂತ ಹೇಳಿದೆ. ನಾನೇನೋ ಪ್ರತಿ ರಾತ್ರಿ ಕೊಡಪಾನದಲ್ಲಿ ವಿಷ ಒಯ್ದು ಸುರಿದು ಬರೋವಳ ಹಾಗೆ! ಈ ಬೀದಿಯವರ ಕೊಳೆ ತೊಳೆದೇ ಕಣೇ ನಿನ್ನನ್ನ ಸಮುದ್ರ ಓದಿಸಿದ್ದು. ಆಮೇಲೆ ನೀಲಿ ಅಂಗಿಯ ಮೇಷ್ಟ್ರು, ನಿಮ್ಮ ಮಗಳು ಹೇಳಿದ್ದು ನಿಜವಾ ಅಂತ ಕೇಳಿದರು. ಸಮುದ್ರಕ್ಕೂ ಒಂದಿಷ್ಟು ಸೋಪು ಬೇಕಲ್ವಾ ಸರ್ ಅಂದೆ. ಇರಲಿ ಬಿಡು. ಬೈಯೋಕೆ ಅಂತ ಪತ್ರ ಶುರು ಮಾಡಲಿಲ್ಲ, ಮಧ್ಯದಲ್ಲಿ ತಾನಾಗೇ ಬಂತು.

ಜೊತೆಗಿರೋ ಪೊಟ್ಟಣದಲ್ಲಿ ಸ್ವೆಟರ್ ಇದೆ. ನಾನೇ ಹೆಣೆದೆ. ಕಿತ್ತಳೆ ಬಣ್ಣ ಯಾಕೆ ಅಂತ ಮುಖ ಸಿಂಡರಿಸಬೇಡ. ದೋಣಿಯಿಂದ ಬಿದ್ದರೆ ದೂರದಿಂದಲೇ ಕಾಣಲಿ ಅಂತ. ಮಾರ್ಕೆಟ್ಟಿನ ಉಣ್ಣೆ ಅಂಗಡಿ ಮುಚ್ಚಿದಾಗ ಒಂದು ಮೂಟೆ ತಂದಿದ್ದೆನಲ್ಲ, ಅದರದ್ದು. ಕುರಿ ಉಣ್ಣೆ ಅಲ್ಲ, ಮೆಷಿನ್ನಲ್ಲಿ ಮಾಡಿದ್ದು. ಎಷ್ಟು ಒಗೆದರೂ ಬಣ್ಣ ಬಿಡಲ್ಲ, ಹುಳ ಹತ್ತಲ್ಲ, ಕೊಳೆಯಲ್ಲ. ನಾನು ಸತ್ತ ಮೇಲೂ ಇರುತ್ತೆ.

ಆ ನಡುಗಡ್ಡೆಯ ನಿಮ್ಮ ಮುಖ್ಯಸ್ಥೆ ನಿನಗೆ ಕೊಟ್ಟಿರೋದು ಒಂದೇ ಚಳಿಗಾಲ ಅಂತ ನೀನು ಅಂದಿದ್ದೆ. ಏನಾದ್ರೂ ಕಂಡುಹಿಡಿದರೆ ಇರೋದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟೋದು. ಕಂಡುಹಿಡೀದೇ ಇದ್ದರೂ ತಲೆ ಕೆಡಿಸಿಕೊಳ್ಳಬೇಡ. ಲಾಂಡ್ರಿ ಎಲ್ಲೂ ಓಡಿ ಹೋಗಲ್ಲ, ಮೂರನೇ ಮೆಷಿನ್ ಬಿಟ್ಟು. ನಿಮ್ಮ ಫೋನಿನಲ್ಲಿ ಗೊರಗೊರ ಬಿಟ್ಟು ಏನೂ ಕೇಳಿಸಲ್ಲ. ಪತ್ರನೇ ಬರಿ.

ಇನ್ನೂ ಸ್ವಲ್ಪ ಕೋಪದಲ್ಲೇ ಇರೋ,
ಅಮ್ಮ


ಸೆಪ್ಟೆಂಬರ್ ೨೨

ಅಮ್ಮಾ,

ಸ್ವೆಟರ್ ಬಂತು, ಬೈಗುಳವೂ ಬಂತು. ಎರಡೂ ಬೆಚ್ಚಗಿವೆ.

ಗಿರಾಕಿಗಳ ಮುಂದೆ ಹಾಗೆ ಅಂದಿದ್ದು ತಪ್ಪೇ. ಅಂದಿದ್ದು ಸುಳ್ಳಲ್ಲ ಅಷ್ಟೇ. ಮತ್ತೆ ಶುರು ಮಾಡಲ್ಲ.

ಇಲ್ಲಿ ನಾವು ಮೂರೇ ಜನ. ನಡುಗಡ್ಡೆ ತುಂಬ ಕಲ್ಲು, ಹಕ್ಕಿಗಳು, ಗಾಳಿ. ಒಂದು ಉದ್ದನೆಯ ಕಟ್ಟಡ, ಅದರ ಒಂದು ತುದಿಗೆ ಲ್ಯಾಬು, ಇನ್ನೊಂದು ತುದಿಗೆ ಅಡುಗೆಮನೆ. ಮುಖ್ಯಸ್ಥೆ ನಗೋದನ್ನ ನಾನಿನ್ನೂ ನೋಡಿಲ್ಲ. ಗಾಜಿನ ಅಳತೆ ಪಾತ್ರೆಯಲ್ಲಿ ಟೀ ಕುಡೀತಾರೆ, ಗೆರೆ ದಾಟಿದರೆ ವಾಪಸ್ ಕೆಟಲ್‌ಗೆ ಸುರೀತಾರೆ. ದೋಣಿ ನಡೆಸೋ ಅಣ್ಣ ಇದಕ್ಕೆ ಪೂರ್ತಿ ಉಲ್ಟಾ. ಅವರು ಬಾಯಿ ಮುಚ್ಚೋದು ಆಕಳಿಕೆ ಮುಗಿದ ಮೇಲೆ, ಒಂದು ಕ್ಷಣ.

ಕೆಲಸ ಹೇಳ್ತೀನಿ, ಚಿಕ್ಕಮ್ಮನಿಗೂ ಓದಿ ಹೇಳು. ಬೆಳಿಗ್ಗೆ ದೋಣಿಯಲ್ಲಿ ಹೋಗ್ತೀವಿ. ಹಗ್ಗ ಕಟ್ಟಿದ ಬಾಟಲಿಯನ್ನ ಆಳಕ್ಕೆ ಇಳಿಸಿ ನೀರು ತುಂಬಿಸಿ ಎಳೀತೀವಿ. ಲ್ಯಾಬಿಗೆ ತಂದು ಬಿಳಿ ಕಾಗದದ ಮೇಲೆ ಸೋಸ್ತೀವಿ, ಸೋಸಿ ಉಳಿದದ್ದನ್ನ ಮೈಕ್ರೋಸ್ಕೋಪಲ್ಲಿ ನೋಡ್ತೀವಿ. ನಾವು ಹುಡುಕೋದು ಪ್ಲಾಸ್ಟಿಕ್ ಎಳೆಗಳನ್ನ, ಕೂದಲಿಗಿಂತ ತೆಳ್ಳಗಿರ್ತವೆ. ನೀರಲ್ಲಿರೋ ಸಣ್ಣ ಸಣ್ಣ ಜೀವಿಗಳು ಅದನ್ನ ಊಟ ಅಂದುಕೊಂಡು ನುಂಗ್ತವೆ. ಹೊಟ್ಟೆ ತುಂಬಿತು ಅಂದುಕೊಂಡೇ ಹಸಿವಿನಿಂದ ಸಾಯ್ತವೆ. ಸಾಯದೆ ಉಳಿದದ್ದನ್ನ ಮೀನು ತಿನ್ನುತ್ತೆ. ಮೀನನ್ನ ಯಾರು ತಿಂತಾರೆ ಅಂತ ನಿನಗೆ ಗೊತ್ತು.

ನಮ್ಮ ಬಟ್ಟೆಯ ಎಳೆಯೇ ನೀರಿಗೆ ಬಿದ್ದರೆ ಎಲ್ಲ ಕೆಟ್ಟು ಹೋಗುತ್ತೆ. ಅದಕ್ಕೇ ಲ್ಯಾಬಿನ ಬಾಗಿಲಿಗೆ ದೊಡ್ಡ ಬೋರ್ಡು ಹಾಕಿದ್ದಾರೆ: ಒಳಗೆ ಹತ್ತಿ ಕೋಟು ಮಾತ್ರ. ನಿನ್ನ ಸ್ವೆಟರ್ ಬಿಚ್ಚಿ ಹೊರಗಿನ ಮೊಳೆಗೆ ನೇತುಹಾಕಿಯೇ ಒಳಗೆ ಹೋಗೋದು. ದೋಣಿಯಲ್ಲಿ ಮಾತ್ರ ಮೈಯಿಂದ ತೆಗೆಯಲ್ಲ. ಅಂಥ ಚಳಿ.

ಈಗ ದೊಡ್ಡ ಸುದ್ದಿ. ಹೋದ ವಾರದಿಂದ ಪ್ರತಿ ಬಾಟಲಿಯಲ್ಲೂ ಒಂದು ಎಳೆ ಸಿಗ್ತಿದೆ. ದಡದ ಹತ್ತಿರ, ದಡದಿಂದ ದೂರ, ಮೇಲೆ, ಆಳದಲ್ಲಿ, ಎಲ್ಲ ಕಡೆ ಅದೇ. ಮುಖ್ಯಸ್ಥೆ ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲವಂತೆ. ನನ್ನ ಬೆನ್ನು ತಟ್ಟಿದರು ಅಮ್ಮಾ. ಹುಷಾರಾಗಿ, ಒಂದೇ ಸಲ.

ಇಲ್ಲೇ ಉಳಿಯೋ ಆಸೆ ಬಂದಿರೋ,
ಮಗಳು


ಅಕ್ಟೋಬರ್ ೧೦

ಬಂಗಾರೀ,

ನಿನ್ನ ಪತ್ರ ಗಟ್ಟಿಯಾಗಿ ಓದಿದೆ. ಚಿಕ್ಕಮ್ಮ ಮೆಷಿನ್ ಮೇಲೆ ಕೂತೇ ಕೇಳಿದಳು, ಅವಳ ಜೊತೆ ಅವಳ ಅಳುವೂ ಗಡಗಡ ನಡುಗ್ತಿತ್ತು. ಸಂಜೆ ಹೊತ್ತಿಗೆ ಬೀದಿಗೆಲ್ಲ ಡಂಗುರ ಸಾರಿ ಆಗಿತ್ತು. ಔಷಧಿ ಅಂಗಡಿಯವರು ನೀನು ಹೊಸ ಮೀನು ಕಂಡುಹಿಡಿದಿದ್ದೀಯ ಅಂದುಕೊಂಡು ಅದಕ್ಕೆ ಏನು ಹೆಸರಿಟ್ಟಿರಿ ಅಂತ ಕೇಳಿದರು. ಮೀನಲ್ಲ, ಎಳೆ ಅಂದೆ. ಮುಖ ಸ್ವಲ್ಪ ಸಪ್ಪಗಾಯ್ತು. ಆ ಮನುಷ್ಯನಿಗೆ ವಿಜ್ಞಾನ ಏನು ಗೊತ್ತು?

ನಿಮ್ಮ ಮುಖ್ಯಸ್ಥೆ ಬೆನ್ನು ತಟ್ಟಿದರು ಅಂದ ಮೇಲೆ ನಾವು ಸುಮ್ಮನೆ ಕೂರೋಕಾಗುತ್ತಾ? ನನ್ನ ಮಗಳು ಬೆಚ್ಚಗಿದ್ದು ಅವರು ನಡುಗ್ತಾ ಕೂತರೆ ನನಗೆ ಏನು ಮರ್ಯಾದೆ? ಮೂಟೆಯಲ್ಲಿ ಉಣ್ಣೆ ಬೇಕಾದಷ್ಟಿದೆ. ಮುಖ್ಯಸ್ಥೆಗೆ ನೇರಳೆ, ದೋಣಿ ಅಣ್ಣನಿಗೆ ಗಿಳಿಹಸಿರು. ಅಳತೆ ಗೊತ್ತಿಲ್ಲ. ನೀನು ಬರೆದಿದ್ದು ನೋಡಿ ಮುಖ್ಯಸ್ಥೆಗೆ ಉದ್ದ ಮಾಡಿದ್ದೀನಿ, ಅಣ್ಣನಿಗೆ ಕತ್ತು ದೊಡ್ಡದಿಟ್ಟಿದ್ದೀನಿ, ಮಾತಾಡೋಕೆ ಬಿಗಿಯಾಗಬಾರದು ಅಂತ. ಹಾಕ್ಕೊಳ್ಳದೆ ಪೆಟ್ಟಿಗೆಯಲ್ಲಿಟ್ಟರೆ ನನಗೆ ಬೇಜಾರಾಗುತ್ತೆ ಅಂತ ಇಬ್ಬರಿಗೂ ಹೇಳು.

ಆ ಎಳೆ ಯಾವ ಬಣ್ಣ ಅಂತ ನೀನು ಬರೆದೇ ಇಲ್ಲ. ಚಿಕ್ಕಮ್ಮ ಕೇಳ್ತಿದ್ದಾಳೆ.

ಬೀದಿಯಲ್ಲಿ ತಲೆ ಎತ್ತಿಕೊಂಡು ಓಡಾಡ್ತಿರೋ,
ಅಮ್ಮ


ಅಕ್ಟೋಬರ್ ೨೮

ಅಮ್ಮಾ,

ಮುಖ್ಯಸ್ಥೆ ನೇರಳೆ ಸ್ವೆಟರನ್ನ ಮೂಸಿ ನೋಡಿದರು, ಎಳೆದು ನೋಡಿದರು, ಹಾಕ್ಕೊಂಡರು. ಕನ್ನಡಿ ಮುಂದೆ ಹೋಗಿ ನಿಂತರು. ಆಮೇಲೆ ಆ ಗೆರೆ ದಾಟಿ ಟೀ ಕುಡಿದರು. ಇಷ್ಟು ಸಾಕಲ್ವಾ ನಿನಗೆ? ದೋಣಿ ಅಣ್ಣ ತಮ್ಮದನ್ನ ನಿದ್ದೆಯಲ್ಲೂ ಬಿಚ್ಚಲ್ಲ. ನಿಮ್ಮಮ್ಮನ ಕೈಗೆ ನಮಸ್ಕಾರ ಅಂತ ಬರಿ ಅಂದರು, ಅದಕ್ಕೆ ಮುಂಚೆ ಅವರ ಅಜ್ಜಿ ಹೆಣೀತಿದ್ದ ಕಥೆ ಇಡೀ ಬೆಳಗ್ಗೆ ಹೇಳಿದರು.

ಆ ಎಳೆ ಕಿತ್ತಳೆ ಬಣ್ಣದ್ದು. ಈಗ ಅದೊಂದೇ ಅಲ್ಲ. ಕೇಳು, ಸಮುದ್ರ ಬದಲಾಗ್ತಿದೆ! ಈ ತಿಂಗಳು ನೇರಳೆ ಎಳೆ ಬರೋಕೆ ಶುರುವಾಗಿದೆ, ಜೊತೆಗೆ ಹಸಿರು. ಮೂರೂ ಒಂದೇ ಥರದ ಪ್ಲಾಸ್ಟಿಕ್. ಎಲ್ಲೋ ಬಟ್ಟೆ ಕಾರ್ಖಾನೆಯೊಂದು ಕದ್ದುಮುಚ್ಚಿ ಗಲೀಜು ಬಿಡ್ತಿದೆ, ನಮಗೆ ಗೊತ್ತಿಲ್ಲದ ಯಾವುದೋ ಪ್ರವಾಹ ಅದನ್ನ ಇಲ್ಲಿಗೆ ತರ್ತಿದೆ ಅಂತ ಮುಖ್ಯಸ್ಥೆಯ ಲೆಕ್ಕಾಚಾರ. ನಕ್ಷೆಯ ಮೇಲೆ ಬಾಣದ ಗುರುತು ಹಾಕಿ ಹಾಕಿ ಸಮುದ್ರವೇ ಕಾಣದ ಹಾಗೆ ಮಾಡಿದ್ದಾರೆ. ಜನವರಿಯಲ್ಲಿ ದೊಡ್ಡ ಸಭೆ ಇದೆ. ಅಲ್ಲಿ ಇದನ್ನ ಹೇಳ್ತಾರಂತೆ. ನನ್ನ ಹೆಸರು ಮೊದಲು ಹಾಕ್ತೀನಿ ಅಂದರು.

ಅದಾದರೆ ನನ್ನ ಕೆಲಸ ಗಟ್ಟಿ. ಇನ್ನೆರಡು ವರ್ಷ ಇಲ್ಲೇ.

ಖುಷಿಗೆ ಊಟ ಸೇರದ,
ಮಗಳು


ನವೆಂಬರ್ ೯

ಬಂಗಾರೀ,

ಎರಡು ವರ್ಷ ಅನ್ನೋದನ್ನ ಎರಡು ಸಲ ಓದಿದೆ. ಖುಷಿಯೇ. ಆಮೇಲೆ ಹೋಗಿ ಒಣಗಿದ ಬಟ್ಟೆಯನ್ನೇ ಇನ್ನೊಂದು ಸಲ ಒಣಗಿಸಿದೆ, ತಲೆ ಎಲ್ಲೋ ಇತ್ತು.

ಚಿಕ್ಕಮ್ಮ ಲಾಂಡ್ರಿ ಗೋಡೆಗೆ ನಿನ್ನ ಫೋಟೋ ಹಾಕಿ ಪಕ್ಕದಲ್ಲಿ ಮೂರು ಬಣ್ಣದ ಗೀಟು ಎಳೆದಿದ್ದಾಳೆ. ಬಂದವರಿಗೆಲ್ಲ ಕೋಲು ಹಿಡಿದು ಪಾಠ ಮಾಡ್ತಾಳೆ. ಅವಳ ಪಾಠ ಮುಗಿಯೋ ತನಕ ಬಟ್ಟೆ ಕೊಡಲ್ಲ. ಇಬ್ಬರು ಗಿರಾಕಿಗಳು ಬೇರೆ ಲಾಂಡ್ರಿಗೆ ಹೋದರು. ಹೋಗಲಿ.

ಆ ಗಲೀಜು ಬಿಡ್ತಿರೋ ಪಾಪಿ ಯಾರು ಅಂತ ಬೇಗ ಪತ್ತೆ ಮಾಡಿ. ಬಾಯಿಲ್ಲದ ಜೀವಿಗಳಿಗೆ ದಾರ ತಿನ್ನಿಸೋನು ಎಂಥ ಮನುಷ್ಯ? ಅವನ ಕೈಗೆ ಲಕ್ವ ಹೊಡೀಲಿ. ಸಿಕ್ಕಿದರೆ ಹೇಳು, ನಾನೇ ಬಂದು ನಾಲ್ಕು ಬಾರಿಸ್ತೀನಿ.

ನ್ಯಾಯ ಕೇಳೋಕೆ ಸೆರಗು ಸಿಕ್ಕಿಸಿರೋ,
ಅಮ್ಮ


ನವೆಂಬರ್ ೩೦

ಅಮ್ಮಾ,

ಕೂತ್ಕೊಂಡು ಓದು. ಚಿಕ್ಕಮ್ಮನಿಗೆ ಗಟ್ಟಿಯಾಗಿ ಓದಬೇಡ.

ಈ ತಿಂಗಳ ನಡುವೆ ದೋಣಿ ಅಣ್ಣನಿಗೆ ಜ್ವರ ಬಂತು. ಒಂದು ವಾರ ಮಲಗಿದರು. ದೋಣಿ ನಾನೇ ನಡೆಸಿದೆ. ಆ ವಾರ ಯಾವ ಬಾಟಲಿಯಲ್ಲೂ ಹಸಿರು ಎಳೆ ಇರಲಿಲ್ಲ. ಪ್ರವಾಹ ದಿಕ್ಕು ಬದಲಿಸಿತು ಅಂತ ಮುಖ್ಯಸ್ಥೆ ಸಂಭ್ರಮಪಟ್ಟರು. ರಾತ್ರಿಯೆಲ್ಲ ಕೂತು ಬರೆದರು, ಬಾಣಗಳನ್ನೆಲ್ಲ ಅಳಿಸಿ ತಿರುಗಿಸಿದರು. ಮುಂದಿನ ವಾರ ಅಣ್ಣ ಎದ್ದು ಬಂದರು. ಹಸಿರೂ ಬಂತು. ಪ್ರವಾಹ ವಾಪಸ್ ಬಂತು ಅಂತ ಮುಖ್ಯಸ್ಥೆ ಬಾಣಗಳನ್ನ ಮತ್ತೆ ತಿರುಗಿಸಿದರು.

ನಿನ್ನೆ ದೋಣಿಯಲ್ಲಿ ಅಣ್ಣ ಬಾಟಲಿ ಎಳೀತಿದ್ದರು. ಹಗ್ಗ ಒದ್ದೆಯಾಗಿತ್ತು, ಜಾರ್ತಿತ್ತು. ಬಾಟಲಿಯನ್ನ ಹೊಟ್ಟೆಗೆ ಅವುಚಿಕೊಂಡು, ಅದರ ಬಾಯಿಯನ್ನ ತೋಳಿಂದ ಒರೆಸಿ, ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಆ ತೋಳು ನೋಡಿದೆ. ಗಿಳಿಹಸಿರು. ಬಾಟಲಿಯನ್ನ ಮುಖ್ಯಸ್ಥೆಗೆ ದಾಟಿಸಿದೆ. ಅವರು ಮುಚ್ಚಳ ತೆಗೆದು ನೋಡಿ, ನೇರಳೆ ತೋಳಿಂದ ಮತ್ತೆ ಒರೆಸಿದರು. ಆಮೇಲೆ ನನ್ನ ತೋಳು ನೋಡಿಕೊಂಡೆ.

ಅಮ್ಮಾ, ಆ ಕಾರ್ಖಾನೆ ನೀನೇ.

ಲ್ಯಾಬಿಗೆ ಓಡಿಹೋಗಿ ನನ್ನ ಸ್ವೆಟರಿನ ಒಂದು ಎಳೆ ಕಿತ್ತು, ನೀರಲ್ಲಿ ಸಿಕ್ಕ ಎಳೆಯ ಪಕ್ಕ ಮೈಕ್ರೋಸ್ಕೋಪಲ್ಲಿ ಇಟ್ಟೆ. ಅಣ್ಣತಮ್ಮಂದಿರ ಹಾಗಿದ್ದವು. ಲ್ಯಾಬಿನಲ್ಲಿ ಅಷ್ಟು ಕಟ್ಟುನಿಟ್ಟು ಮಾಡಿ ದೋಣಿಯಲ್ಲಿ ಮೂರು ಜನ ಮೂರು ಬಣ್ಣ ಉದುರಿಸ್ತಾ ಕೂತಿದ್ದೀವಿ. ಬೋರ್ಡು ಹಾಕಿದ್ದು ಬಾಗಿಲಿಗೆ. ದೋಣಿಗೆ ಬಾಗಿಲೇ ಇಲ್ಲವಲ್ಲ.

ಮುಖ್ಯಸ್ಥೆಗೆ ಇನ್ನೂ ಗೊತ್ತಿಲ್ಲ. ಪಕ್ಕದ ಕೋಣೆಯಲ್ಲಿ ಕೂತು ಸಭೆಯ ಭಾಷಣ ಅಭ್ಯಾಸ ಮಾಡ್ತಿದ್ದಾರೆ, ಗೋಡೆಯಾಚೆ ಕೇಳಿಸ್ತಿದೆ. "ಮಿತ್ರರೇ, ಈ ನೇರಳೆ ಎಳೆ ಎಲ್ಲಿಂದ ಬಂತು?" ಅಂತ ಕೇಳಿ, ಜನ ಯೋಚನೆ ಮಾಡಲಿ ಅಂತ ಸ್ವಲ್ಪ ಹೊತ್ತು ಸುಮ್ಮನಿರ್ತಾರೆ. ಮೈ ಮೇಲೆ ಅದೇ ಸ್ವೆಟರ್.

ಹೇಳದೇ ಇದ್ದರೆ ಕೆಲಸ ಉಳಿಯುತ್ತೆ. ಹೇಳಿದರೆ ಇಡೀ ಚಳಿಗಾಲದ ಕೆಲಸ ನೀರುಪಾಲು. ಸಾಮಾನು ಬರೋ ದೋಣಿ ಈಗ ಹೊರಡ್ತಿದೆ, ಪತ್ರ ಕೊಡಬೇಕು. ನಾಳೆ ಹೇಳ್ತೀನಿ.

ಸ್ವೆಟರ್ ಬಿಚ್ಚಿಟ್ಟು ಬರೀತಿರೋ,
ಮಗಳು


ಡಿಸೆಂಬರ್ ೮

ಮಗಳೇ,

ನನ್ನ ಸ್ವೆಟರ್ ಉದುರೋದಾ? ನಾನು ಹೆಣೆದಿದ್ದು? ನಿನ್ನ ತಾತನಿಗೆ ಹೆಣೆದದ್ದು ಅವರು ಹೋದ ಮೇಲೂ ನಿಂತಿತ್ತು. ಸುಖಾಸುಮ್ಮನೆ ಹೆತ್ತವಳ ತಲೆಗೆ ಕಟ್ಟಬೇಡ. ನಿಮ್ಮ ಆ ಅಣ್ಣ ಎಲ್ಲಿ ಉಜ್ಜಿಕೊಂಡು ಬಂದನೋ ಯಾರಿಗೆ ಗೊತ್ತು.

ಇಷ್ಟು ಬರೆದು ನಿಲ್ಲಿಸಿದೆ. ಈಗ ಸಂಜೆ.

ಮೂಟೆಯಲ್ಲಿ ಉಳಿದ ಕಿತ್ತಳೆ ಉಣ್ಣೆಯಲ್ಲಿ ಚಿಕ್ಕಮ್ಮನಿಗೆ ಒಂದು ಟೋಪಿ ಹೆಣೆದಿದ್ದೆ. ಅದನ್ನ ಬಿಳಿ ಟಬ್ಬಿನಲ್ಲಿ ಒಂದೇ ಒಂದು ಸಲ ಅದ್ದಿ ತೆಗೆದೆ. ನಿನ್ನ ಬಾಯಿ ಮುಚ್ಚಿಸಬೇಕು ಅಂತಲೇ ಮಾಡಿದ್ದು. ನೀರನ್ನ ಹಳೆಯ ಬಿಳಿ ದುಪ್ಪಟಿಯಲ್ಲಿ ಸೋಸಿದೆ. ಕನ್ನಡಕ ಹಾಕ್ಕೊಂಡು ನೋಡಿದೆ. ಚಿಕ್ಕಮ್ಮ ಏನಾಯ್ತು ಅಂತ ಕೇಳಿದಳು. ಏನಿಲ್ಲ, ಟೋಪಿ ಇನ್ನು ಹಾಕ್ಕೋಬೇಡ ಅಂದೆ. ಅವಳು ಮತ್ತೆ ಮಾತು ಬಿಟ್ಟಿದ್ದಾಳೆ.

ಯಾವನೋ ಪಾಪಿ ಅಂತ ನಾನು ಶಾಪ ಹಾಕಿದ್ದೆ. ಬೆಳಗಿಂದ ಬಲಗೈ ಸ್ವಲ್ಪ ಜೋಮು ಹಿಡಿದ ಹಾಗಿದೆ.

ಹೇಳಿದೆಯಾ? ಏನಂದರು? ಕಳಿಸಿಬಿಟ್ಟರೆ ಬಾ. ನಿನ್ನ ಕೋಣೆಯಲ್ಲಿ ಸೋಪಿನ ಡಬ್ಬ ಇಟ್ಟಿದ್ದೆ, ಇವತ್ತೇ ತೆಗೆಸ್ತೀನಿ.

ಅಮ್ಮ


ಡಿಸೆಂಬರ್ ೨೧

ಮಗಳೇ,

ಎರಡು ದೋಣಿ ಬಂದು ಹೋದವಂತೆ, ನಿನ್ನ ಪತ್ರ ಇಲ್ಲ. ಫೋನ್ ಮಾಡಿದೆ. ಗೊರಗೊರ ಅಂತು. ಆ ಗೊರಗೊರ ನಿನ್ನದೇ ಇರಬಹುದು ಅಂತ ಸ್ವಲ್ಪ ಹೊತ್ತು ಮಾತಾಡಿದೆ.

ಕೋಣೆ ಖಾಲಿ ಮಾಡಿಸಿದ್ದೀನಿ.

ಅಮ್ಮ


ಡಿಸೆಂಬರ್ ೨೬

ಅಮ್ಮಾ,

ಹೇಳಿದೆ. ಮುಖ್ಯಸ್ಥೆ ಪೂರ್ತಿ ಕೇಳಿಸಿಕೊಂಡರು. ಎದ್ದು ಹೊರಗೆ ಹೋಗಿ ಸ್ವೆಟರ್ ಬಿಚ್ಚಿದರು. ಗಾಜಿನ ಜಾಡಿಯಲ್ಲಿ ಹಾಕಿ ಮುಚ್ಚಳ ತಿರುಗಿಸಿ ಬಿಗಿದರು. ಅವತ್ತಿಂದ ನನ್ನ ಜೊತೆ ಒಂದು ಮಾತಿಲ್ಲ. ಸಭೆಗೆ ಬರಲ್ಲ ಅಂತ ಹೇಳಿ ಕಳಿಸಿದರು. ಹಗಲೆಲ್ಲ ಹಳೇ ಬಿಳಿ ಕಾಗದಗಳನ್ನ ಒಂದೊಂದಾಗಿ ತೆಗೆದು ಮತ್ತೆ ಮೈಕ್ರೋಸ್ಕೋಪಿನಲ್ಲಿ ನೋಡ್ತಾ ಕೂತಿರ್ತಾರೆ. ಉಪ್ಪು ಬೇಕಿದ್ದರೂ ಅಣ್ಣನ ಕೈಲಿ ಕೇಳಿಸ್ತಾರೆ. ಅಣ್ಣ ಉಪ್ಪಿನ ಜೊತೆ ಉಪ್ಪಿನ ಮೇಲೆ ಒಂದು ಕಥೆನೂ ಹೇಳಿ ಹೋಗ್ತಾರೆ. ಹಸಿರು ಸ್ವೆಟರ್ ಬಿಚ್ಚಿ ಅಂತ ನಾನು ಅಂದಾಗ ಮಾತ್ರ ಪಾಪ ಸುಮ್ಮನಾದರು. ಅದನ್ನ ನೋಡೋಕೇ ಆಗಲಿಲ್ಲ ನನಗೆ.

ಕಾಯೋದಕ್ಕಿಂತ ಹೊರಟುಬಿಡೋದು ಸುಲಭ ಅನಿಸ್ತಿದೆ. ಪೆಟ್ಟಿಗೆ ಕಟ್ಟಿಟ್ಟಿದ್ದೀನಿ. ಹತ್ತಿ ಕೋಟು ಒಂದರ ಮೇಲೊಂದು ಹಾಕ್ಕೊಂಡರೂ ಚಳಿ. ನಿನ್ನ ಸ್ವೆಟರ್ ಹಾಕ್ಕೊಳ್ಳೋ ಹಾಗಿಲ್ಲ, ಬಿಸಾಡೋಕೆ ಮನಸ್ಸಿಲ್ಲ. ದಿಂಬಿನ ಕವರಿನಲ್ಲಿ ಕಟ್ಟಿ ತಲೆ ಕೆಳಗೆ ಇಟ್ಟುಕೊಂಡಿದ್ದೀನಿ.

ನಿನ್ನ ಮೇಲೆ ಕೋಪ ಇಲ್ಲ. ಸಮುದ್ರ ಬಿಟ್ಟು ಬರೋಕೆ ಮಾತ್ರ ಹೊಟ್ಟೆ ಉರೀತಿದೆ ಅಮ್ಮಾ.

ಮಗಳು


ಜನವರಿ ೫

ನಡುಗಡ್ಡೆಯ ಮುಖ್ಯಸ್ಥೆ ಅವರಿಗೆ,

ನಿಮಗೆ ನೇರಳೆ ಸ್ವೆಟರ್ ಹೆಣೆದು ಕಳಿಸಿದ್ದು ನಾನು. ಮಗಳಿಗೆ ಗೊತ್ತಿಲ್ಲದ ಹಾಗೆ ಬರೀತಿದ್ದೀನಿ. ದೊಡ್ಡವರಿಗೆ ಹೇಗೆ ಬರೀಬೇಕು ಅಂತ ನನಗೆ ಗೊತ್ತಿಲ್ಲ. ಬಟ್ಟೆ ತಡವಾದರೆ ಗಿರಾಕಿಗಳಿಗೆ ಬರೆಯೋ ಹಾಗೇ ಬರೀತೀನಿ. ತಪ್ಪು ನಮ್ಮದು, ಕ್ಷಮಿಸಿ, ಮಾಲು ವಾಪಸ್ ತಗೋತೀವಿ.

ಮಾಲು ಅಂದರೆ ಸ್ವೆಟರ್. ಮಗಳಲ್ಲ.

ಆ ಉಣ್ಣೆ ಆರಿಸಿದ್ದು ನಾನು, ಹೆಣೆದಿದ್ದು ನಾನು, ಹಾಕ್ಕೊಳ್ಳದಿದ್ದರೆ ಬೇಜಾರು ಮಾಡ್ಕೋತೀನಿ ಅಂತ ಹೆದರಿಸಿದ್ದೂ ನಾನೇ. ಅವಳು ಪಾಪ ಏನು ಮಾಡ್ತಾಳೆ? ನನ್ನ ಮಾತು ಮೀರಿದರೆ ಏನಾಗುತ್ತೆ ಅಂತ ಅವಳಿಗೆ ಹುಟ್ಟಿದಾಗಿಂದ ಗೊತ್ತು. ಶಿಕ್ಷೆ ಕೊಡೋದಿದ್ದರೆ ನನಗೆ ಕೊಡಿ. ಬೇಕಾದ್ರೆ ನನ್ನ ಜೊತೆ ಮಾತು ಬಿಡಿ. ನನಗೆ ತಂಗಿ ಇದ್ದಾಳೆ, ಅಭ್ಯಾಸ ಇದೆ.

ಅವಳು ಕಳೆದ ತಿಂಗಳು ನಿಮಗೆ ಹೇಳದೇ ಇರಬಹುದಿತ್ತಲ್ಲ? ನೀವು ಸಭೆಗೆ ಹೋಗಿ ಚಪ್ಪಾಳೆ ತಗೊಂಡು ಬರ್ತಿದ್ದಿರಿ, ಅವಳ ಕೆಲಸ ಗಟ್ಟಿಯಾಗ್ತಿತ್ತು, ನಾನು ಬೀದಿಯಲ್ಲಿ ಮೆರೀತಿದ್ದೆ. ನಾಲ್ಕು ಜನರ ಖುಷಿ ಅವಳ ಬಾಯಲ್ಲಿತ್ತು. ಬಾಯಿ ತೆರೆದಳು. ಅಂಥವಳನ್ನ ಉಪ್ಪು ಕೇಳೋಕೂ ಮಾತಾಡಿಸದೆ ಕೂರಿಸಿದ್ದೀರಲ್ಲ, ಸಮುದ್ರದ ನಡುವೆ ಕೂತು ಉಪ್ಪಿಗೇ ಬಡತನವಾ ನಿಮಗೆ?

ಇದು ಹೆಚ್ಚಾಯಿತು. ಹೊಡೆದು ಹಾಕೋಣ ಅಂದರೆ ಮತ್ತೆ ಮೊದಲಿಂದ ಬರೀಬೇಕು. ಇರಲಿ.

ನಿಜ ಹೇಳ್ತೀನಿ. ಅವಳು ಬಂದರೆ ನನಗೆ ಹಬ್ಬ. ಕೋಣೆ ತೊಳೆದಿಟ್ಟಿದ್ದೀನಿ. ಆದರೆ ಅವಳು ಹೊಟ್ಟೆ ಉರೀತಿದೆ ಅಂತ ಬರೆದಿದ್ದಾಳೆ. ಇಷ್ಟು ವರ್ಷದಲ್ಲಿ ಅವಳು ಹಾಗೆ ಅಂದಿದ್ದು ಇದೇ ಮೊದಲು. ಹೊಟ್ಟೆ ಉರ್ಕೊಂಡು ಮನೆಯಲ್ಲಿರೋ ಮಗಳನ್ನ ಇಟ್ಟುಕೊಂಡು ನಾನೇನು ಮಾಡಲಿ? ಅವಳ ಪೆಟ್ಟಿಗೆ ಬಿಚ್ಚಿಸಿ.

ಕೈ ಮುಗಿದು ಕೇಳೋ,
ಲಾಂಡ್ರಿಯವಳು


ಜನವರಿ ೨೪

ಮಾನ್ಯರೇ,

ತಮ್ಮ ಪತ್ರ ತಲುಪಿತು. ನಿಮ್ಮ ಮಗಳನ್ನು ಕಳಿಸಿಬಿಡುವ ಯೋಚನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ಆಕೆ ಪೆಟ್ಟಿಗೆ ಕಟ್ಟಿಟ್ಟಿರುವುದು ನನಗೆ ತಿಳಿದದ್ದೇ ನಿಮ್ಮ ಪತ್ರದಿಂದ. ತಕ್ಷಣ ಹೋಗಿ ಬಿಚ್ಚಿಸಿದೆ.

ನಾನು ಮಾತಾಡದೆ ಇದ್ದದ್ದು ಕೋಪದಿಂದಲ್ಲ, ನಾಚಿಕೆಯಿಂದ. ಬಾಗಿಲಿಗೆ ಆ ಬೋರ್ಡು ಹಾಕಿಸಿದವಳು ನಾನು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಮೈ ಮೇಲಿನ ಎಳೆಗೆ ಒಂದು ಸಾಗರ ಪ್ರವಾಹವನ್ನೇ ಕಟ್ಟಿದೆ. ಅದನ್ನು ಎರಡು ಸಲ ತಿರುಗಿಸಿಯೂ ಬಿಟ್ಟೆ. ಇಂಥದ್ದಾದ ಮೇಲೆ ಕಿರಿಯರ ಮುಖ ನೋಡಿ ಉಪ್ಪು ಕೇಳುವುದು ಕಷ್ಟ. ಆ ವಿಷಯದಲ್ಲಿ ನೀವು ಬರೆದದ್ದು ಸರಿ. ಈಗ ನಾನೇ ಕೇಳುತ್ತೇನೆ.

ನಿಮ್ಮ ಮೂರು ಬಣ್ಣಗಳನ್ನು ತೆಗೆದುಹಾಕಿ ಎಲ್ಲವನ್ನೂ ಮತ್ತೆ ನೋಡಿದೆ. ಏನೂ ಉಳಿಯುವುದಿಲ್ಲ ಎಂದುಕೊಂಡಿದ್ದೆ. ಉಳಿದಿದೆ. ಬೂದು ಮತ್ತು ಮಾಸಲು ನೀಲಿ ಎಳೆಗಳು, ಪ್ರತಿ ಬಾಟಲಿಯಲ್ಲೂ. ನಿಮ್ಮ ಬಣ್ಣಗಳ ಅಬ್ಬರದಲ್ಲಿ ನಮಗೆ ಕಂಡಿರಲಿಲ್ಲ. ನಿಮ್ಮ ಮಗಳು ಒಂದು ಸಣ್ಣ ಸಿಗಡಿಯ ಹೊಟ್ಟೆಯಲ್ಲೂ ಅದನ್ನು ತೋರಿಸಿದಳು. ಅದು ನಮ್ಮ ಯಾರ ಮೈ ಮೇಲಿನದೂ ಅಲ್ಲ. ದಡದ ಮನೆಗಳಿಂದ, ಒಗೆದ ನೀರಿನಲ್ಲಿ ಬಂದದ್ದು. ತನ್ನ ಒಳ್ಳೆಯ ಫಲಿತಾಂಶವನ್ನು ತಾನೇ ಎತ್ತಿ ಬಿಸಾಡುವವರು ನಮ್ಮ ಕೆಲಸದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆಕೆಗೆ ಇನ್ನೆರಡು ವರ್ಷದ ಕೆಲಸ ಕೊಟ್ಟಿದ್ದೇನೆ. ಒಪ್ಪಿದ್ದಾಳೆ.

ಎರಡು ಕೋರಿಕೆಗಳಿವೆ. ಮೂಟೆಯಲ್ಲಿರುವ ಪ್ರತಿ ಬಣ್ಣದ ಒಂದೊಂದು ತುಂಡು ಉಣ್ಣೆ ಕಳಿಸಿ, ಮುಂದೆ ಮೋಸ ಹೋಗದಂತೆ ನಮ್ಮಲ್ಲಿ ಇರಲಿ. ಮತ್ತೆ, ಮೆಷಿನ್ನಿನ ನೀರು ಹೊರಗೆ ಹೋಗುವ ಕೊಳವೆಗೆ ಹಾಕುವ ಒಂದು ಸೋಸುವ ಜಾಲರಿಯನ್ನು ಈ ದೋಣಿಯಲ್ಲೇ ಕಳಿಸಿದ್ದೇನೆ. ಹಾಕಲೇಬೇಕೆಂದು ಹೇಳಲಾರೆ. ನೋಡಿ.

ನೇರಳೆ ಸ್ವೆಟರ್ ಹಿಂದಿರುಗಿಸುವುದಿಲ್ಲ. ರಜೆಯಲ್ಲಿ ದಡಕ್ಕೆ ಹೋದಾಗ ಹಾಕುತ್ತೇನೆ, ಒಗೆಯುವುದಿಲ್ಲ.

ವಿಶ್ವಾಸದಿಂದ,
ಮುಖ್ಯಸ್ಥೆ


ಮಾರ್ಚ್ ೧೬

ಬಂಗಾರೀ,

ನಿಮ್ಮ ಮುಖ್ಯಸ್ಥೆಗೆ ನಾನು ಬರೆದ ಪತ್ರವನ್ನ ಅವರು ನಿನಗೆ ಓದಿಸಿದರು ಅಂತ ನಿನ್ನ ಪತ್ರದಿಂದ ಗೊತ್ತಾಯ್ತು. ಆ ಉಪ್ಪಿನ ಜಾಗ ಬಂದಾಗ ದೋಣಿ ಅಣ್ಣ ನಕ್ಕು ನಕ್ಕು ಕುರ್ಚಿಯಿಂದ ಬಿದ್ದರಂತಲ್ಲ. ಅವರಿಗೆ ಹತ್ತಿ ದಾರದಲ್ಲಿ ಒಂದು ಹೆಣೀತಿದ್ದೀನಿ. ಕೈಗೆ ಸಿಗದ ಹಾಗೆ ಜಾರುತ್ತೆ ಈ ಹತ್ತಿ. ಆದರೂ ಹೆಣೀತೀನಿ.

ಎರಡು ವರ್ಷ ಅಂತ ಓದಿದ ದಿನ ಮೆಷಿನ್‌ಗಳ ಹಿಂದೆ ಹೋಗಿ ಅತ್ತೆ. ಅಲ್ಲಿ ಶಬ್ದಕ್ಕೆ ಯಾರಿಗೂ ಕೇಳಿಸಲ್ಲ. ನಾನೇ ಕೈ ಮುಗಿದು ಬೇಡಿಕೊಂಡಿದ್ದನ್ನ ಅವರು ಕೊಟ್ಟರು, ಈಗ ಯಾರ ಮೇಲೆ ಕೋಪ ಮಾಡ್ಕೊಳ್ಳಲಿ? ಚಿಕ್ಕಮ್ಮ ಬಂದು ಪಕ್ಕದಲ್ಲಿ ನಿಂತಳು. ಅವಳು ನಿಂತಿದ್ದರಿಂದ ಮೂರನೇ ಮೆಷಿನ್ ಬಾಗಿಲು ದಾಟಿ ಬೀದಿಗೇ ಹೋಯಿತು. ಇಬ್ಬರೂ ಓಡಿದೆವು. ಅಳೋಕೂ ಬಿಡುವಿಲ್ಲ ಈ ಮನೆಯಲ್ಲಿ.

ಜಾಲರಿ ಬಂತು. ಮೊದಲು ಅದನ್ನ ಮೂಲೆಯಲ್ಲಿಟ್ಟಿದ್ದೆ. ಒಂದು ಡಬ್ಬಿಯಷ್ಟು ಜಾಲರಿ ಹಾಕಿ ಸಮುದ್ರ ಉಳಿಸೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಚಿಕ್ಕಮ್ಮನೂ ಅಂದಳು. ಆಮೇಲೆ ಆ ಸಿಗಡಿಯ ಹೊಟ್ಟೆ ನೆನಪಾಯ್ತು. ಪ್ಲಂಬರ್‌ನ ಕರೆಸಿ ಹಾಕಿಸಿದೆ.

ವಾರ ಕಳೆದು ತೆರೆದೆ. ಒದ್ದೆ ಬೆಕ್ಕಿನ ಗಾತ್ರದ್ದು ಬಂತು, ಬೂದು ಬಣ್ಣದ್ದು. ಮೇಷ್ಟ್ರ ನೀಲಿ ಅಂಗಿ, ಔಷಧಿ ಅಂಗಡಿಯವರ ಹೊದಿಕೆ, ಬೀದಿಯ ಮಕ್ಕಳ ಚಡ್ಡಿ, ಎಲ್ಲ ಸೇರಿ ಒಂದು ಮುದ್ದೆ. ಎರಡೂ ಕೈಯಲ್ಲಿ ಹಿಡ್ಕೊಂಡು ನಿಂತೆ. ಎಲ್ಲಿ ಹಾಕಲಿ? ಮೋರಿಗೆ ಹಾಕೋ ಹಾಗಿಲ್ಲ. ಕಸದ ತೊಟ್ಟಿಗೆ ಹಾಕಿದರೆ ಗಾಳಿಗೆ ಹಾರುತ್ತೆ. ಕೊನೆಗೆ ಬಿಸ್ಕತ್ತಿನ ಡಬ್ಬ ಖಾಲಿ ಮಾಡಿ ತುಂಬಿಟ್ಟೆ. ಈಗ ಅಡುಗೆಮನೆ ಶೆಲ್ಫಿನಲ್ಲಿ ಡಬ್ಬಗಳ ಸಾಲೇ ಇದೆ. ಚಿಕ್ಕಮ್ಮ ಮೊನ್ನೆ ಬಿಸ್ಕತ್ತು ಅಂತ ಕೈ ಹಾಕಿ ಕಿರುಚಿದಳು. ನೋಡೋಕೆ ಬಂದ ಔಷಧಿ ಅಂಗಡಿಯವರಿಗೆ ಇದು ಹೊಸ ಮೀನಿಗಿಂತ ಹೆಚ್ಚು ಹಿಡಿಸಿತು. ತಮ್ಮ ಮನೆಯ ಮೆಷಿನ್ನಿಗೂ ಒಂದು ಜಾಲರಿ ಕೇಳ್ತಿದ್ದಾರೆ, ನಿಮ್ಮ ಮುಖ್ಯಸ್ಥೆಗೆ ಹೇಳು.

ಅವತ್ತು ನೀನು ಸಮುದ್ರಕ್ಕೇ ಹೋಗುತ್ತೆ ಅಂದಾಗ ನನಗೆ ಅರ್ಥ ಆಗಲಿಲ್ಲ ಕಣೇ. ಸಮುದ್ರ ಅಂದರೆ ಅಷ್ಟು ದೊಡ್ಡದು, ಎಲ್ಲಾ ಹಿಡಿಸುತ್ತೆ ಬಿಡು ಅಂದುಕೊಂಡಿದ್ದೆ. ಈಗ ಕೊಳವೆ ನೋಡಿದಾಗಲೆಲ್ಲ ಅದರ ಆ ತುದಿಯಲ್ಲಿ ನೀನು ಹತ್ತಿ ಕೋಟು ಹಾಕ್ಕೊಂಡು, ಬಾಟಲಿ ಹಿಡ್ಕೊಂಡು ನಿಂತಿರೋದು ಕಾಣುತ್ತೆ. ನಿನ್ನ ಮುಖದ ಮೇಲೆ ನಾನು ಇದನ್ನೆಲ್ಲ ಹೇಗೆ ಸುರೀಲಿ? ಪ್ರತಿ ದಿನ ಜಾಲರಿ ಮುಟ್ಟಿ ನೋಡಿ ಆಮೇಲೇ ಮೆಷಿನ್ ಹಾಕ್ತೀನಿ.

ಅಲ್ಲೇ ಇರು. ಈ ಕಡೆ ನಾನಿದ್ದೀನಿ.

ಅಮ್ಮ